ಅತ್ತೆ ಚಿಪ್ಪು, ಸೊಸೆ ಚಿಪ್ಪು

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಆದರೆ ಹೆಸರೇ ಹೇಳದೆ ಒಬ್ಬ ಮನುಷ್ಯನ ಕಥೆ ಹೇಳುವುದಾದರೂ ಹೇಗೆ? ಒಂದೇ ಒಂದು ಸಲ ಹೇಳಿಬಿಡುತ್ತೇನೆ: ಸಪಾರಾಲಿ. ಅಕ್-ಜಾರ್ ಶಾಲೆಯ ಭೂಗೋಳದ ಮೇಷ್ಟ್ರು. ಇನ್ನು ಮುಂದೆ ನನಗೆ ಅವರು ‘ಇವರು’. ಊರಿಗೆ ‘ಚಿಪ್ಪಿನ ಮೇಷ್ಟ್ರು’.

ಓಶ್ ಪಟ್ಟಣದಿಂದ ಅಲಾಯ್ ಬೆಟ್ಟಗಳಿಗೆ ಹತ್ತುವ ರಸ್ತೆ ನಮ್ಮೂರಿನ ಬಳಿ ಗುಡ್ಡವನ್ನು ಕಡಿದುಕೊಂಡು ಹೋಗುತ್ತದೆ. ಕಡಿದ ಜಾಗದಲ್ಲಿ ಗುಡ್ಡದ ಹೊಟ್ಟೆ ಕಾಣುತ್ತದೆ: ಕೆಳಗೆ ಹಸಿರು ಜೇಡಿ, ಅದರ ಮೇಲೆ ಒಂದು ಮೊಳ ದಪ್ಪದ ಬಿಳಿ ಪಟ್ಟಿ, ಮೇಲೆ ಮತ್ತೆ ಜೇಡಿ, ಕೆಂಪು ಮಣ್ಣು, ಹುಲ್ಲು. ಆ ಬಿಳಿ ಪಟ್ಟಿ ಪೂರ್ತಿ ಕಪ್ಪೆಚಿಪ್ಪು. ನೂರಲ್ಲ ಸಾವಿರವಲ್ಲ, ಒಂದರ ಮೇಲೊಂದು ಒತ್ತಿ ಕಲ್ಲಾದ ಚಿಪ್ಪುಗಳು. ಹುಡುಗರಾಗಿದ್ದಾಗ ಇವರು ಭೂಗರ್ಭ ತಜ್ಞರ ಪೆಟ್ಟಿಗೆ ಹೊರಲು ಎರಡು ಬೇಸಿಗೆ ಹೋಗಿದ್ದರಂತೆ. ಅಲ್ಲಿ ಯಾರೋ ಒಬ್ಬ ಮುದುಕ ಇವರ ತಲೆಗೆ ತುಂಬಿದ್ದು ಇಷ್ಟು: ಐದು ಕೋಟಿ ವರ್ಷದ ಹಿಂದೆ ಇಲ್ಲಿ ಸಮುದ್ರವಿತ್ತು. ಅಷ್ಟೇ, ನನ್ನ ಸಂಸಾರ ಹಾಳಾಯಿತು.

ಮದುವೆಯಾದ ಮೊದಲ ವಾರವೇ ನನಗೆ ಗೊತ್ತಾಯಿತು. ಮಳೆ ನಿಂತ ಕೂಡಲೇ ಈ ಮನುಷ್ಯ ಮನೆಯಲ್ಲಿರುವುದಿಲ್ಲ. ರಸ್ತೆಯವರ ಗ್ರೇಡರ್ ಯಂತ್ರ ಅಂಚು ಕೆರೆದು ಹೋದರೆ ಅದರ ಹಿಂದೆಯೇ ಬಗ್ಗಿಕೊಂಡು ನಡೆಯುತ್ತಾರೆ. ಕಲ್ಲು ಎತ್ತುತ್ತಾರೆ, ಉಗುರಿನಲ್ಲಿ ಕೆರೆಯುತ್ತಾರೆ, ಆಮೇಲೆ ನಾಲಿಗೆಯಲ್ಲಿ ನೆಕ್ಕುತ್ತಾರೆ. ಒದ್ದೆಯಾದರೆ ಗೆರೆ ಕಾಣುತ್ತದಂತೆ. ದಾರಿಯಲ್ಲಿ ಹೋಗುವ ಲಾರಿಯವರು ಹಾರ್ನ್ ಹೊಡೆದು ನಗುತ್ತಿದ್ದರು. ನಾನು ನಾಚಿಕೆಯಿಂದ ಸಾಯುತ್ತಿದ್ದೆ.

“ರೀ, ಮನೇಲಿ ಉಪ್ಪಿಲ್ವಾ? ರಸ್ತೆ ಕಲ್ಲು ಯಾಕ್ರೀ ನೆಕ್ತೀರಾ?”

“ಇದೂ ಉಪ್ಪೇ ಕಣೇ, ಹಳೇ ಉಪ್ಪು,” ಎನ್ನುತ್ತಿದ್ದರು.

ಅವರ ಕೋಟಿನ ಜೇಬು ಹೊಲಿದು ಹೊಲಿದು ನನ್ನ ಕಣ್ಣು ಹೋಯಿತು. ಕಿಟಕಿಯ ಮೇಲೆ ಚಿಪ್ಪು, ಹಾಸಿಗೆ ಪೆಟ್ಟಿಗೆಯ ಮೇಲೆ ಚಿಪ್ಪು, ಹಿಟ್ಟಿನ ಡಬ್ಬದ ಹಿಂದೆ ಬೆಂಕಿಪೊಟ್ಟಣದಲ್ಲಿ ಶಾರ್ಕ್ ಮೀನಿನ ಹಲ್ಲು. ಒಡೆದ ಚಿಪ್ಪುಗಳನ್ನು ನಾನು ಕದ್ದು ಕುಟ್ಟಿ ಕೋಳಿಗೆ ಹಾಕುತ್ತಿದ್ದೆ. ಮೊಟ್ಟೆ ಗಟ್ಟಿಯಾಗುತ್ತಿದ್ದವು, ಅದನ್ನೂ ಹೇಳಬೇಕು. ಒಳ್ಳೆಯದನ್ನೆಲ್ಲ ಇವರು ಶಾಲೆಯ ಎರಡು ಕಪಾಟಿನಲ್ಲಿ ಚೀಟಿ ಅಂಟಿಸಿ ಜೋಡಿಸಿದ್ದರು.

ಆ ಬಿಳಿ ಪಟ್ಟಿಯಲ್ಲಿ ಒಂದಕ್ಕೊಂದು ಇಪ್ಪತ್ತು ಹೆಜ್ಜೆ ದೂರದಲ್ಲಿ ಎರಡು ದೊಡ್ಡ ಚಿಪ್ಪುಗಳಿದ್ದವು, ಒಂದೊಂದೂ ರೊಟ್ಟಿಯಷ್ಟು ಅಗಲ. ಎರಡೂ ಒಂದೇ ಮಟ್ಟ, ನನ್ನ ಎದೆಯೆತ್ತರ. ಎಡಗಡೆಯದು ದಪ್ಪ, ಸುಕ್ಕುಸುಕ್ಕು, ಬಾಯಿ ಬಿಗಿದುಕೊಂಡಿರುವಂಥದು. ಬಲಗಡೆಯದು ಸ್ವಲ್ಪ ತೆಳು. ನಾನೇ ತಮಾಷೆಗೆ ಅವಕ್ಕೆ ಅತ್ತೆ, ಸೊಸೆ ಎಂದು ಹೆಸರಿಟ್ಟಿದ್ದೆ. ಇವರು ಬೇರೆ ಏನು ಕಿತ್ತರೂ ಆ ಎರಡನ್ನು ಕೀಳಲಿಲ್ಲ. ಸೈಕಲ್ಲಿನಲ್ಲಿ ಬಂದ ಪರದೇಶದವರು ಸುತ್ತಿಗೆ ಹಿಡಿದು ನಿಂತಾಗ, ಅಡ್ಡ ನಿಂತು ಓಡಿಸಿದ್ದರು. ದಿನಾ ಶಾಲೆ ಬಿಟ್ಟ ಮೇಲೆ ಹೋಗಿ ಅವುಗಳ ಮೇಲೆ ಕೈಯಿಟ್ಟು ಬರುವುದು ಅವರ ರೂಢಿ.

ರಸ್ತೆಯ ಕೆಳಗೆ, ಸೊಸೆ ಚಿಪ್ಪಿನ ನೇರಕ್ಕೆ, ಎಂಟು ಮನೆಗಳು. ಅದರಲ್ಲೊಂದು ಇವರ ಅಕ್ಕ ಉಲ್ಬುಬುವಿನದು. ತಾಯಿ ಸತ್ತಾಗ ಇವರಿಗೆ ನಾಲ್ಕು ವರ್ಷ. ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು ಅವಳೇ. ಈಗ ಇಬ್ಬರು ಗಂಡುಮಕ್ಕಳು, ಸೊಸೆಯರು, ಐದು ಮೊಮ್ಮಕ್ಕಳ ಜೊತೆ ಅಲ್ಲಿದ್ದಳು. ನಮ್ಮ ಮನೆ, ಶಾಲೆ, ಅಂಗಡಿ ಎಲ್ಲ ಹೊಳೆಯ ಆಚೆ ದಡದಲ್ಲಿ, ಸೇತುವೆ ದಾಟಿದ ಮೇಲೆ. ಗುಡ್ಡ ಬಿದ್ದರೆ ನಮ್ಮ ಮನೆಗೆ ಒಂದು ಕಲ್ಲೂ ಬರುವುದಿಲ್ಲ. ಇದನ್ನು ಮರೆಯಬೇಡಿ.

ಆರು ವರ್ಷದ ಹಿಂದೆ ಒಂದು ಸಂಜೆ ಇವರು ಓಡಿಬಂದರು, ಮುಖದಲ್ಲಿ ರಕ್ತವಿಲ್ಲ. “ಅತ್ತೆ ಒಂದು ಗೇಣು ಇಳಿದಿದ್ದಾಳೆ! ಸೊಸೇನೂ ಇಳಿದಿದ್ದಾಳೆ! ಗುಡ್ಡ ಜಾರ್ತಾ ಇದೆ!”

ಟೇಪು ಹಿಡಿದು ರಸ್ತೆಯಿಂದ ಚಿಪ್ಪಿನವರೆಗೆ ಅಳೆದಿದ್ದರು. ಹಳೇ ಲೆಕ್ಕಕ್ಕಿಂತ ಒಂದು ಗೇಣು ಕಡಿಮೆ. ನಮ್ಮ ಸೀಮೆಯಲ್ಲಿ ವಸಂತದ ಮಳೆಗೆ ಗುಡ್ಡ ಕುಸಿದು ಮನೆಗಳು ಮುಚ್ಚಿಹೋದ ಕಥೆ ಎಲ್ಲರ ಮನೆಯಲ್ಲೂ ಒಂದಿದೆ. ಯಾರೂ ಎರಡನೇ ಮಾತಾಡಲಿಲ್ಲ. ಎಂಟು ಮನೆಯವರು ಹಾಸಿಗೆ, ದನ, ಕುರಿ ಸಮೇತ ಶಾಲೆಗೆ ಬಂದರು. ಮೂರು ದಿನ ಧೋ ಎಂದು ಮಳೆ. ಉಲ್ಬುಬು ಆಗಷ್ಟೇ ಮೊಟ್ಟೆಯಿಂದ ಹೊರಬಂದಿದ್ದ ಮೂವತ್ತು ಟರ್ಕಿ ಕೋಳಿಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ತಂದಿದ್ದಳು. ತೇವಕ್ಕೆ ಒಂದೂ ಉಳಿಯಲಿಲ್ಲ.

ನಾಲ್ಕನೇ ದಿನ ರಸ್ತೆ ಕೆಲಸದ ಮೇಸ್ತ್ರಿ ಎರ್ಗೆಶ್ ಬಂದ. ವಿಷಯ ಕೇಳಿದ. ಆಮೇಲೆ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

“ಮೇಷ್ಟ್ರೇ, ಹೋದ ಶರತ್ಕಾಲದಲ್ಲಿ ನಾವು ಇಲ್ಲಿ ಜಲ್ಲಿ ಹಾಕಿ ಮೇಲೆ ಟಾರು ಹಾಕಿದ್ವಲ್ಲ! ನಿಮ್ಮ ಚಿಪ್ಪು ಇಳಿದಿಲ್ಲ ಮಾರಾಯ್ರೇ, ನಮ್ಮ ರಸ್ತೆ ಏರಿದೆ!”

ಭೂಮಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಮಕ್ಕಳಿಗೆ ಪಾಠ ಹೇಳುವ ಮನುಷ್ಯ, ಕಾಲ ಕೆಳಗಿನ ಟಾರು ನೋಡಿರಲಿಲ್ಲ. ದಿನವೂ ಆ ರಸ್ತೆಯಲ್ಲಿ ಓಡಾಡಿದ್ದಾರೆ, ಕಣ್ಣು ಮಾತ್ರ ಸದಾ ಕಡಿದ ಗುಡ್ಡದ ಗೋಡೆಯ ಮೇಲೆ. ಊರು ಐದು ವರ್ಷ ನಕ್ಕಿತು. ಮದುವೆಮನೆಯಲ್ಲಿ, ಸಾವಿನ ಮನೆಯಲ್ಲಿ, ಎಲ್ಲಿ ಹೋದರೂ ಯಾರೋ ಒಬ್ಬ, “ಮೇಷ್ಟ್ರೇ, ಅತ್ತೆ ಕ್ಷೇಮಾನಾ?” ಎಂದು ಕೇಳುವವನೇ. ಉಲ್ಬುಬು ಮಾತ್ರ ನಗುತ್ತಿರಲಿಲ್ಲ. “ಮೂವತ್ತು ಮರಿ ಕಣೋ ಸಪಾರಾಲಿ, ಮೂವತ್ತು,” ಎನ್ನುತ್ತಿದ್ದಳು. ಇವರು ತಲೆ ತಗ್ಗಿಸಿ ಚಹಾ ಕುಡಿಯುತ್ತಿದ್ದರು.

ಆಮೇಲೆ ಇವರು ರಸ್ತೆಯಿಂದ ಅಳೆಯುವುದನ್ನು ಬಿಟ್ಟರು. ಗಾರೆಯವರ ಹತ್ತಿರ ಇರುತ್ತದಲ್ಲ, ಲೆವೆಲ್ ಪೈಪು, ನೀರು ತುಂಬಿದ ಪಾರದರ್ಶಕ ಕೊಳವೆ, ಅದನ್ನು ತಂದರು. ಒಂದು ತುದಿ ಅತ್ತೆಯ ತುಟಿಗೆ, ಇನ್ನೊಂದು ತುದಿ ಸೊಸೆಯ ತುಟಿಗೆ. ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅದಕ್ಕೆ ಟಾರಿನ ಹಂಗಿಲ್ಲ. ಆದರೆ ಅದಕ್ಕೆ ಇಬ್ಬರು ಬೇಕು. ಆ ಇನ್ನೊಬ್ಬಳು ನಾನು. ತಿಂಗಳಿಗೊಮ್ಮೆ ಬೈಯುತ್ತಾ ಹೋಗಿ ಸೊಸೆಯ ಹತ್ತಿರ ಪೈಪು ಹಿಡಿದು ನಿಲ್ಲುತ್ತಿದ್ದೆ. “ಸರಿ ಇದೆಯೇನೇ?” “ಸರಿ ಇದೆ ಕಣ್ರೀ, ಅತ್ತೆ ಸೊಸೆ ಜಗಳ ಇಲ್ಲ.” ಐದು ವರ್ಷ ಹೀಗೇ ನಡೆಯಿತು.

ಕಳೆದ ವರ್ಷ ಏಪ್ರಿಲ್‌ನಲ್ಲಿ ಹಿಮ ಕರಗುವ ಹೊತ್ತಿಗೇ ಮಳೆಯೂ ಹಿಡಿಯಿತು. ಒಂದು ಸೋಮವಾರ ಬೆಳಿಗ್ಗೆ ಹೋದೆವು. ಇವರು ಆ ಕಡೆಯಿಂದ ಕೂಗಿದರು, “ನೀರು ಅತ್ತೆ ತುಟೀಲಿದೆ. ನಿಂದು?”

ನಾನು ನೋಡಿದೆ. ನನ್ನ ತುದಿಯಲ್ಲಿ ನೀರು ಸೊಸೆಯ ತುಟಿಗಿಂತ ಮೇಲೆ ನಿಂತಿತ್ತು. ಬೆರಳಿಟ್ಟೆ. ಒಂದು, ಎರಡು, ಮೂರು, ನಾಲ್ಕು.

“ಪೈಪಲ್ಲಿ ಗಾಳಿ ಸೇರ್ಕೊಂಡಿದೆ,” ಎಂದೆ.

ಇವರು ಪೈಪನ್ನು ತಟ್ಟಿ ತಟ್ಟಿ ಗುಳ್ಳೆ ಹುಡುಕಿದರು. ಒಂದೂ ಇರಲಿಲ್ಲ. ಮತ್ತೆ ಹಿಡಿದೆವು. ನಾಲ್ಕು ಬೆರಳು. ಸೊಸೆ ಕೆಳಗಿಳಿದಿದ್ದಳು, ಅವಳೊಂದಿಗೆ ಅವಳ ಪಕ್ಕದ ಗುಡ್ಡವೂ. ಇವರು ಅಲ್ಲಿಂದಲೇ ಕೆಳಗಿನ ಮನೆಗಳ ಕಡೆ ತಿರುಗಿ ಬಾಯಿ ತೆರೆದರು. ನಾನು ಓಡಿಹೋಗಿ ತೋಳು ಹಿಡಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಮುಂದಿನ ಸೋಮವಾರ ನಮ್ಮ ಮಗಳನ್ನು ನೋಡಿ ಒಪ್ಪಿದ್ದ ಓಶ್‌ನವರು ಅವಳ ಕಿವಿಗೆ ಓಲೆ ಹಾಕಲು ಬರುವವರಿದ್ದರು. ಓಲೆ ಬಿದ್ದರೆ ಸಂಬಂಧ ಗಟ್ಟಿ. ದೊಡ್ಡ ಮನೆ, ಮಾತಿಗೆ ಬೆಲೆ ಕೊಡುವ ಜನ, ಹುಡುಗ ಡಾಕ್ಟರು. ಅವರ ಕಿವಿಗೆ ‘ಚಿಪ್ಪಿನ ಮೇಷ್ಟ್ರ’ ಎರಡನೇ ಕಥೆ ಬೀಳುವುದು ನನಗೆ ಬೇಡವಾಗಿತ್ತು.

“ಬಾಯಿ ಬಿಟ್ರೆ ನೋಡಿ! ಮತ್ತೆ ಊರನ್ನೆಲ್ಲ ಶಾಲೇಲಿ ತುಂಬಿ, ಆಮೇಲೆ ಏನೂ ಆಗ್ಲಿಲ್ಲ ಅಂದ್ರೆ? ಹುಚ್ಚನ ಮಗಳನ್ನ ಯಾರು ಕಟ್ಕೋತಾರೆ?”

“ನಾಲ್ಕು ಬೆರಳು ಕಣೇ. ಈ ಸಲ ಟಾರಲ್ಲ.”

“ಹೋದ್ಸಲಾನೂ ನಿಮಗೆ ಹಂಗೇ ಅನ್ಸಿತ್ತು. ಒಂದು ವಾರ ತಡ್ಕೊಳ್ಳಿ. ಓಲೆ ಬೀಳ್ಲಿ. ಆಮೇಲೆ ಬೇಕಾದ್ರೆ ಸೂರಿನ ಮೇಲೆ ಹತ್ತಿ ಕೂಗಿ.”

ಇವರು ನನ್ನ ಮುಖ ನೋಡಿದರು. ಐದು ವರ್ಷದ ನಗು ಅವರೊಳಗೆ ಎಷ್ಟು ಆಳಕ್ಕೆ ಇಳಿದಿತ್ತೆಂದು ನನಗೆ ಆಗ ಕಾಣಿಸಿತು. ತಮ್ಮ ಕಣ್ಣನ್ನೇ ನಂಬದ ಮನುಷ್ಯನಾಗಿಬಿಟ್ಟಿದ್ದರು. ಪೈಪು ಸುತ್ತಿಕೊಂಡು ಮನೆಗೆ ಹಿಂದಿರುಗಿದರು.

ಆ ಒಂದು ವಾರ ನಾನು ನಿದ್ದೆ ಮಾಡಿದ್ದೇನೆಂದು ತಿಳಿಯಬೇಡಿ. ಸೂರಿನ ತಗಡಿನ ಮೇಲೆ ಮಳೆಯ ಸದ್ದು ಜೋರಾದರೆ ಇಬ್ಬರೂ ಎದ್ದು ಕೂರುತ್ತಿದ್ದೆವು. ಹಿಟ್ಟು ಕಲಸುವಾಗ ಕೈ ನಿಲ್ಲುತ್ತಿತ್ತು. ಕಿವಿ ಹೊಳೆಯಾಚೆ ಇರುತ್ತಿತ್ತು. ಲಾರಿ ಗುಡುಗಿದರೂ ಗುಡ್ಡವೇ ಬಂತೆಂದು ಓಡಿ ಬಾಗಿಲಿಗೆ ಹೋಗುತ್ತಿದ್ದೆ. ಇವರು ಶಾಲೆಗೆ ಹೋಗುವ ಮುಂಚೆ ಒಂದು ಸಲ, ಬಿಟ್ಟ ಮೇಲೆ ಒಂದು ಸಲ ಅಲ್ಲಿಗೆ ಹೋಗಿ ಬರುತ್ತಿದ್ದರು. ಬಂದವರು ನನಗೆ ಬೆರಳು ತೋರಿಸುತ್ತಿದ್ದರು, ಮಗಳಿಗೆ ಕೇಳಿಸಬಾರದೆಂದು. ಐದು. ಐದು. ಐದೂವರೆ. ಆರು. ಒಬ್ಬರೇ ಪೈಪು ಹಿಡಿಯಲು ಆಗುವುದಿಲ್ಲವೆಂದು ಅತ್ತೆಯ ತುದಿಯನ್ನು ಗೂಟಕ್ಕೆ ಕಟ್ಟಿದ್ದರು. ಗುರುವಾರ ಉಲ್ಬುಬು ಮೊಮ್ಮಗುವಿಗೆ ಜ್ವರವೆಂದು ಔಷಧಿ ಕೇಳಲು ಬಂದಳು. ಇವರು ಅವಳ ಕೈ ಹಿಡಿದುಕೊಂಡು, “ಅಕ್ಕಾ, ಮಗೂನ ಇಲ್ಲೇ ಬಿಡು, ನಾಲ್ಕು ದಿನ ಇರ್ಲಿ,” ಎಂದರು.

“ಯಾಕೆ? ನನ್ನ ಮನೇಲಿ ಹಾಸಿಗೆ ಇಲ್ವಾ?” ಎಂದು ಅವಳು ಔಷಧಿ ತೆಗೆದುಕೊಂಡು ಹೋದಳು. ನಾನು ಒಲೆಯ ಕಡೆ ತಿರುಗಿಕೊಂಡಿದ್ದೆ.

ಸೋಮವಾರ ಓಶ್‌ನವರು ಮೂರು ಕಾರಿನಲ್ಲಿ ಬಂದರು. ಆ ಗೋಡೆಯ ಕೆಳಗೇ ಬಂದರು, ಬೇರೆ ದಾರಿ ಎಲ್ಲಿದೆ? ನಾನು ಹಿಟ್ಟಿನ ತುಂಡುಗಳ ಬೊರ್ಸೋಕ್ ಕರಿದು ರಾಶಿ ಹಾಕಿದ್ದೆ, ಪಲಾವಿಗೆ ಕ್ಯಾರೆಟ್ ಹೆಚ್ಚಿದ್ದೆ. ಹಿರಿಯ ಬೀಗರು ಕೂತು ಸುತ್ತ ನೋಡಿ, “ಮೇಷ್ಟ್ರೇ, ನಿಮ್ಮ ಗುಡ್ಡಗಳೇ ಚಂದ! ಇಂಥ ಕಡೆ ಇರೋಕೆ ಪುಣ್ಯ ಬೇಕು,” ಎಂದರು. ಓಲೆ ಬಿತ್ತು. ಮಗಳ ಕೆನ್ನೆ ಕೆಂಪಾಗಿತ್ತು. ಕಾರುಗಳು ಹೊರಟಾಗ ಇವರು ಚಪ್ಪಲಿಯಿಲ್ಲದೆ ರಸ್ತೆಯವರೆಗೂ ಓಡಿದರು. ಬೀಗರು ಎಂಥ ಮರ್ಯಾದಸ್ಥ ಎಂದುಕೊಂಡರು. ಕೊನೆಯ ಕಾರು ಆ ಗೋಡೆ ದಾಟುವವರೆಗೂ ಇವರು ಅಲ್ಲೇ ನಿಂತಿದ್ದರು.

ಮಂಗಳವಾರ ಬೆಳಿಗ್ಗೆ ನಾನೇ ಎಂದೆ, “ನಡೀರಿ, ನೋಡೋಣ.”

ಸೊಸೆಯ ಹತ್ತಿರ ನೀರು ಒಂದು ಗೇಣು ಮೇಲಿತ್ತು. ಇವರು ನನ್ನ ಕೈ ಹಿಡಿದು ಬಿಳಿ ಪಟ್ಟಿಯ ನಡುವೆ ಹೊಸದಾಗಿ ಬಾಯಿಬಿಟ್ಟಿದ್ದ ಬಿರುಕಿಗೆ ತೂರಿಸಿದರು. ಮೊಣಕೈವರೆಗೆ ಹೋಯಿತು. ಒಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತು, ಹಗೇವಿನ ಬಾಯಿ ತೆಗೆದಾಗ ಬರುತ್ತದಲ್ಲ, ಹಾಗೆ. ಕೆಳಗೆ ಉಲ್ಬುಬುವಿನ ಅಂಗಳದಲ್ಲಿ ಮಕ್ಕಳು ಕುರಿಯ ಕೀಲುಮೂಳೆ ಹೂಡಿ ಆಡುತ್ತಿದ್ದವು. ಜ್ವರದ ಮಗು ಗೋಡೆಗೊರಗಿ ಬಿಸಿಲು ಕಾಯಿಸುತ್ತಿತ್ತು. ಅಯ್ಯೋ ನನ್ನ ಹಾಳು ಓಲೆಯೇ, ಎಂದುಕೊಂಡೆ.

“ಈಗ್ಲೇ ಹೇಳ್ತೀನಿ,” ಎಂದರು ಇವರು.

“ಹೇಳಿದ್ರೆ ಯಾರು ಬರ್ತಾರೆ? ನಗ್ತಾರೆ. ನಕ್ಕು ಮಲಗ್ತಾರೆ. ನಿಮ್ಮಕ್ಕ ಮೊದ್ಲು ಮಲಗ್ತಾಳೆ.” ನನಗೆ ಯೋಚನೆ ಓಡಿತು. “ಊಟಕ್ಕೆ ಕರೀರಿ. ಊಟಕ್ಕೆ ಯಾರೂ ಇಲ್ಲ ಅನ್ನಲ್ಲ. ನಾಳೆ ತುಲೊ ಮಾಡೋಣ, ನಮ್ಮ ದಡದಲ್ಲಿ. ಎಲ್ಲಾರೂ ಈ ಕಡೆ ಬಂದ್ಮೇಲೆ, ಹೊಟ್ಟೆ ತುಂಬಿದ್ಮೇಲೆ ಹೇಳಿ. ನನ್ನ ಟಗರು ಕಡೀರಿ.”

ಮಳೆ ಬೇಕಾದಾಗ, ಮಳೆ ಸಾಕಾದಾಗ, ಊರಿಗೆ ಕೇಡು ಬರದಿರಲಿ ಎಂದಾಗ ಹೊಳೆಯ ದಂಡೆಯಲ್ಲಿ ಊರೆಲ್ಲ ಸೇರಿ ಕುರಿ ಕಡಿದು ಪ್ರಾರ್ಥಿಸಿ ಉಣ್ಣುವುದೇ ತುಲೊ. ಅದಕ್ಕೆ ಬರುವುದಿಲ್ಲ ಎಂದವನು ಊರಿಗೇ ಬೇಡವೆಂದ ಹಾಗೆ. ಆ ಟಗರನ್ನು ಮಗಳ ಮದುವೆಗೆಂದು ಎರಡು ವರ್ಷ ಕೈಯಾರೆ ತಿನ್ನಿಸಿ ಬೆಳೆಸಿದ್ದೆ. ಅದರ ಬಗ್ಗೆ ಈಗ ಹೇಳಿ ಏನು. ಮನೆಮನೆಗೆ ಹೇಳಿಬಂದೆ: ಮಳೆ ನಿಲ್ಲಲಿ ಅಂತ ತುಲೊ, ಯಾರೂ ಮನೆಯಲ್ಲಿ ಉಳಿಯಬಾರದು. ಆ ರಾತ್ರಿಯನ್ನೂ ಕಳೆದೆವು, ಒಂಬತ್ತನೆಯದನ್ನು.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಬಂದರು. ರೊಟ್ಟಿ, ಅಕ್ಕಿ, ಒಣಮೊಸರಿನ ಕುರುತ್ ಉಂಡೆ, ಬೆಣ್ಣೆ ಹೊತ್ತು ಬಂದರು. ಎರ್ಗೆಶ್ ಕೂಡ ರಸ್ತೆ ಕೆಲಸ ಬಿಟ್ಟು ಬಂದ. ಕಡಾಯಿ ಕುದಿಯಿತು. ನಾನು ತಲೆಗಳನ್ನು ಎಣಿಸುತ್ತಲೇ ಇದ್ದೆ. ಒಂದು ತಲೆ ಕಡಿಮೆ. ಉಲ್ಬುಬು ಬಂದಿರಲಿಲ್ಲ.

ಅವಳ ಹಿರಿಸೊಸೆ ಎಂದಳು, “ಟರ್ಕಿ ಕಾವಿಗೆ ಕೂತಿದೆ, ಬಿಟ್ಟು ಬರಲ್ಲ ಅಂದ್ರು. ಮಂಡಿ ನೋವಂತೆ ಬೇರೆ.”

ಇವರು ಸೇತುವೆಯ ಕಡೆ ಹೊರಟೇಬಿಟ್ಟರು. ನಾನು ತಡೆದೆ. ಇವರು ಹೋಗಿ ಕರೆದರೆ ಅವಳು ಇನ್ನೂ ಬಿಗಿದು ಕೂರುತ್ತಾಳೆ, ನನಗೆ ಗೊತ್ತಿತ್ತು. ನಮ್ಮಲ್ಲಿ ಕುರಿ ಕಡಿದರೆ ಬಾಲದ ಬುಡದ ತುಂಡು ಎಲ್ಲರಿಗಿಂತ ಹಿರಿಯ ಹೆಂಗಸಿಗೆ. ಊರಲ್ಲಿ ಆ ತುಂಡಿಗೆ ಇಬ್ಬರು: ಉಲ್ಬುಬು ಮತ್ತು ಅಂಗಡಿಯ ಜೂರಾ. ಇಬ್ಬರ ಹುಟ್ಟಿದ ವರ್ಷವೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಜಗಳ ನಲವತ್ತು ವರ್ಷದ್ದು. ನಾನು ಫೋನು ಹಚ್ಚಿದೆ.

“ಅಕ್ಕಾ, ಮಂಡಿ ಹೆಂಗಿದೆ? ಬರಬೇಡಿ, ಮಲಗಿ, ಪರ್ವಾಗಿಲ್ಲ. ಬಾಲದ ತುಂಡು ಜೂರಕ್ಕಂಗೆ ಕೊಡ್ತಿದೀವಿ.”

ಜೂರಾ ನನ್ನ ಕೈಯಿಂದ ಫೋನು ಕಿತ್ತುಕೊಂಡು, “ಉಲ್ಬುಬು, ಹಿರಿಯೋರಿಗೆ ಕೊಟ್ರೆ ಮರ್ಯಾದೆ ಕಣಮ್ಮಾ, ನೀನು ಬೇಜಾರ್ ಮಾಡ್ಕೋಬೇಡ,” ಎಂದಳು.

“ನಾನು ಕುದುರೆ ಹತ್ತೋವಾಗ ನೀನು ತೊಟ್ಟಿಲಲ್ಲಿ ಉಚ್ಚೆ ಹುಯ್ತಿದ್ದೆ ಕಣೇ!” ಎಂಬ ಕೂಗು ಫೋನಿಲ್ಲದೆಯೂ ಹೊಳೆ ದಾಟಿ ಬರುವಂತಿತ್ತು.

ಕಾಲು ಗಂಟೆಯಲ್ಲಿ ಉಲ್ಬುಬು ಸೇತುವೆ ಮೇಲಿದ್ದಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದ ಲಂಗ, ಕುಂಟುತ್ತಾ, ಬೈಯುತ್ತಾ. ಜನ ನಕ್ಕು ಉರುಳಿದರು. ನಾನು ಕಡಾಯಿಯ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ. ತುಂಡು ಅವಳ ತಟ್ಟೆಗೇ ಬಿತ್ತು. ಜೂರಾ ಮುಖ ಗಂಟಿಕ್ಕಿಕೊಂಡಳು.

ಉಂಡರು. ಮುಲ್ಲಾ ಅಂಗೈ ಎತ್ತಿ ಪ್ರಾರ್ಥಿಸಿದರು, ಎಲ್ಲರೂ ಮುಖ ಸವರಿಕೊಂಡರು. ಸಂಜೆ ನಾಲ್ಕಾಯಿತು. ಗುಡ್ಡ ಹಾಗೇ ನಿಂತಿತ್ತು, ಬಿಸಿಲಲ್ಲಿ ಹಸಿರಾಗಿ, ಏನೂ ಅರಿಯದಂತೆ. ಜನ ಪಾತ್ರೆ ಗಂಟು ಕಟ್ಟಿ ಎದ್ದರು. ಆಗ ಇವರು ಸೇತುವೆಯ ಬಾಯಿಗೆ ಹೋಗಿ ಎರಡೂ ಕೈ ಚಾಚಿ ನಿಂತರು.

“ಹೋಗ್ಬೇಡಿ,” ಎಂದರು. “ಸೊಸೆ ಒಂದು ಗೇಣು ಇಳಿದಿದ್ದಾಳೆ.”

ಎಲ್ಲರೂ ಹೋ ಎಂದು ನಕ್ಕರು. “ಮೇಷ್ಟ್ರೇ, ಈ ಸಲ ನಾವು ಟಾರು ಹಾಕಿಲ್ಲ!” ಎಂದ ಎರ್ಗೆಶ್.

“ಗೊತ್ತು. ಅದಕ್ಕೇ ಹೆದರಿಕೆ,” ಎಂದರು ಇವರು. “ಎರ್ಗೆಶ್, ಬಾ. ನೀನೇ ಪೈಪು ಹಿಡಿ. ನಾನು ಮುಟ್ಟೋದೂ ಇಲ್ಲ. ಸುಳ್ಳಾದ್ರೆ ನಾಳೆಯಿಂದ ಶಾಲೆ ಬಿಡ್ತೀನಿ, ಊರೂ ಬಿಡ್ತೀನಿ.”

ನಗು ನಿಂತಿತು. ಉಲ್ಬುಬು ತಮ್ಮನ ಮುಖವನ್ನೇ ನೋಡುತ್ತಿದ್ದಳು. ಕೋಲೂರಿ ಎದ್ದಳು. “ನಡಿಯೋ ಎರ್ಗೆಶ್. ನಾನೂ ಬರ್ತೀನಿ. ಮಿಕ್ಕೋರು ಇಲ್ಲೇ ಕೂತ್ಕೊಳ್ಳಿ.”

ಮೂವರೂ ಹೋದರು. ಈ ದಡದಿಂದ ನೋಡುತ್ತಿದ್ದೆವು: ಎರ್ಗೆಶ್ ಒಂದು ಕಡೆ, ಉಲ್ಬುಬು ಇನ್ನೊಂದು ಕಡೆ, ಇವರು ಕೈ ಹಿಂದೆ ಕಟ್ಟಿ ನಡುವೆ. ಎರ್ಗೆಶ್ ಪೈಪು ತಟ್ಟಿದ. ಜಾಗ ಬದಲಾಯಿಸಿದ. ಮತ್ತೆ ತಟ್ಟಿದ. ಆಮೇಲೆ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. ಹಿಂದಿನ ದಿನ ಒಂದು ಗೇಣಿದ್ದದ್ದು ಈಗ ಗೇಣಿನ ಮೇಲೆ ಎರಡು ಬೆರಳಾಗಿತ್ತು. ಅವನು ಓಡಿಹೋಗಿ ರಸ್ತೆಗೆ ಅಡ್ಡ ಕಲ್ಲಿಟ್ಟ, ಫೋನಿನಲ್ಲಿ ಕೂಗಾಡತೊಡಗಿದ.

ಉಲ್ಬುಬು ಹಿಂದಿರುಗಿ ಬಂದು ಸೇತುವೆಯ ಮೇಲೆ ನಿಂತಳು. “ನಾನು ಮನೆಗೆ ಹೋಗಲ್ಲ. ನನ್ನ ಮಕ್ಳು ಹೋಗಲ್ಲ, ಸೊಸೆಯರು ಹೋಗಲ್ಲ. ನಿಮ್ಮಿಷ್ಟ,” ಎಂದಳು. ಅವಳು ಹಾಗೆಂದ ಮೇಲೆ ಉಳಿದ ಏಳು ಮನೆಯವರಿಗೆ ಇಷ್ಟವೆಂಬುದೇನಿದೆ? ಕತ್ತಲಾಗುವುದರೊಳಗೆ ಗಂಡಸರು ಇಬ್ಬಿಬ್ಬರಾಗಿ ಓಡಿಹೋಗಿ ದನ, ಕುರಿ, ಕಾಗದಪತ್ರ ತಂದರು.

ಮಾರನೆಯ ಬೆಳಿಗ್ಗೆ ನಾನು ಹಾಲು ಕರೆಯುತ್ತಿದ್ದೆ. ಹಸು ಇದ್ದಕ್ಕಿದ್ದಂತೆ ಬಕೆಟ್ಟು ಒದ್ದು ಜಿಗಿಯಿತು. ಆಚೆ ದಡದಲ್ಲಿ ರಸ್ತೆ ನಡುವೆ ಬಗ್ಗಿತು. ಅಂಚಿನ ಪಾಪ್ಲರ್ ಮರಗಳು ನಿಂತ ಹಾಗೇ ನಡೆದುಕೊಂಡು ಕೆಳಗೆ ಬಂದವು. ಸದ್ದು ಆಮೇಲೆ ಬಂತು. ಧೂಳು ಇಳಿದಾಗ ಎಂಟರಲ್ಲಿ ಐದು ಮನೆ ಇರಲಿಲ್ಲ. ಉಲ್ಬುಬುವಿನ ಮನೆ ಇದ್ದಲ್ಲಿ ಹಸಿರು ಜೇಡಿಯ ದಿಬ್ಬ, ಅದರ ಮೇಲೆ ಬಿಳಿ ಚಿಪ್ಪಿನ ಬಂಡೆಗಳು. ಅತ್ತೆಯೂ ಇಲ್ಲ, ಸೊಸೆಯೂ ಇಲ್ಲ. ಒಂದು ಜೀವವೂ ಹೋಗಲಿಲ್ಲ, ಕಾವಿಗೆ ಕೂತ ಟರ್ಕಿಯೊಂದನ್ನು ಬಿಟ್ಟರೆ.

ಜನ ಇವರನ್ನು ಅಪ್ಪಿಕೊಂಡರು, ಅತ್ತರು. ಎರ್ಗೆಶ್ ಇವರ ಕೈಯನ್ನು ಕಣ್ಣಿಗೊತ್ತಿಕೊಂಡ. ನಮ್ಮ ಮನೆ ತುಂಬ ಜನ. ನಾನು ಚಹಾ ಸುರಿಯುತ್ತಿದ್ದೆ. ಉಲ್ಬುಬು ಒಬ್ಬಳೇ ಮೂಲೆಯಲ್ಲಿ ಜ್ವರದ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಸಪಾರಾಲಿ,” ಎಂದಳು. “ಮೊದಲ್ನೇ ಸಲ ಯಾವತ್ತು ನೋಡ್ದೆ?”

ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ. “ಹೋದ ವಾರದ ಸೋಮವಾರ,” ಎಂದರು.

ಅವಳು ಬೆರಳು ಮಡಿಸಿ ಎಣಿಸಿದಳು. “ಒಂಬತ್ತು ರಾತ್ರಿ. ಈ ಮಗೂಗೆ ಜ್ವರ ಬಂದಿತ್ತು. ಹಿಂದಿನ ಗೋಡೆ ಹತ್ರ ಬೆಚ್ಚಗಿರುತ್ತೆ ಅಂತ ಅಲ್ಲೇ ಮಲಗಿಸ್ಕೊಂಡಿದ್ದೆ. ಒಂಬತ್ತು ರಾತ್ರಿ ನೀನು ಸುಮ್ನಿದ್ದೆ?”

ಇವರು ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. “ನಗ್ತಾರೆ ಅಂತ ಹೆದರ್ಕೊಂಡೆ ಅಕ್ಕಾ. ನಾನೇ ಬಾಯಿ ಮುಚ್ಕೊಂಡೆ,” ಎಂದರು.

ನಾನು ಚಹಾ ಸುರಿಯುತ್ತಲೇ ಇದ್ದೆ. ಬಟ್ಟಲು ತುಂಬಿ ಹಾಸಿದ ಊಟದ ಬಟ್ಟೆಗೆ ಹರಿಯಿತು. ನಾಲಿಗೆ ಕಚ್ಚಿಕೊಂಡು ಒರೆಸಿದೆ.

ಅಂದಿನಿಂದ ಅವಳು ತಮ್ಮನ ಜೊತೆ ಮಾತು ಬಿಟ್ಟಳು. ಹೊಸ ಮನೆ ಏಳುವವರೆಗೆ ನಮ್ಮಲ್ಲೇ ಇದ್ದಳು, ಊಟಕ್ಕೆ ಹಾಸುವ ಒಂದೇ ದಸ್ತರ್‌ಖಾನಿನ ಎದುರು ಕೂತು ಉಣ್ಣುತ್ತಿದ್ದಳು. “ನಿನ್ನ ಗಂಡಂಗೆ ರೊಟ್ಟಿ ಕೊಡು,” ಎಂದು ನನಗೆ ಹೇಳುತ್ತಿದ್ದಳು, ಇವರು ಎರಡು ಮೊಳ ದೂರ ಕೂತಿದ್ದರೂ. ನನ್ನ ತಲೆ ಮಾತ್ರ ಸವರುತ್ತಿದ್ದಳು. “ಮದುವೆ ಟಗರು ಕೊಟ್ಟೆ ನೀನು. ನೀನಿಲ್ದಿದ್ರೆ ನಾನು ಟರ್ಕಿ ಜೊತೆ ಮಣ್ಣಾಗ್ತಿದ್ದೆ. ನೂರು ವರ್ಷ ಬಾಳು.” ಅವಳು ಹರಸಿದಾಗಲೆಲ್ಲ ನನ್ನ ಕತ್ತಿನ ಹಿಂದೆ ಸುಡುತ್ತಿತ್ತು. ರಾತ್ರಿ ಇವರಿಗೆ, “ಹೇಳಿಬಿಡ್ತೀನಿ ಕಣ್ರೀ,” ಎನ್ನುತ್ತಿದ್ದೆ. “ಮಗಳ ಮದುವೆ ಆಗ್ಲಿ ಬಿಡೇ,” ಎನ್ನುತ್ತಿದ್ದರು. ಮದುವೆ ಆಯಿತು. ಆಮೇಲೂ ನಾನು ಹೇಳಲಿಲ್ಲ. ಇವರು ಕುಸಿದ ದಿಬ್ಬದ ಹತ್ತಿರ ಕಲ್ಲು ಹುಡುಕಲು ಹೋಗುವುದನ್ನೇ ನಿಲ್ಲಿಸಿದರು. ಕೋಟಿನ ಜೇಬು ಹೊಲಿಯುವ ಕೆಲಸವೇ ನನಗೆ ಇಲ್ಲವಾಯಿತು.

ಈ ಏಪ್ರಿಲ್‌ನಲ್ಲಿ ಅದೇ ದಂಡೆಯಲ್ಲಿ ಊರವರು ಮತ್ತೆ ತುಲೊ ಮಾಡಿದರು. ಬಾಲದ ತುಂಡು ಉಲ್ಬುಬುವಿಗೆ ಬಂತು. ಈ ಸಲ ಜೂರಾ ಕೂಡ ಚಕಾರವೆತ್ತಲಿಲ್ಲ. ಉಲ್ಬುಬು ಎಲ್ಲರ ಎದುರು ತಟ್ಟೆಯನ್ನು ನನ್ನ ಮುಂದೆ ಸರಿಸಿದಳು. “ಇದು ನಿಂಗೆ ಸೇರ್ಬೇಕು,” ಎಂದಳು. 

ಮುಟ್ಟಲು ಆಗಲಿಲ್ಲ ನನಗೆ.

“ಅಕ್ಕಾ,” ಎಂದೆ. “ಆ ಒಂಬತ್ತು ರಾತ್ರಿ ನಂದು. ಇವರು ಸೋಮವಾರಾನೇ ನಿಮ್ಮ ಮನೆ ಕಡೆ ತಿರುಗಿ ಕೂಗೋಕೆ ಹೋದ್ರು. ನಾನು ತೋಳು ಹಿಡಿದೆ. ಮಗಳಿಗೆ ಓಲೆ ಬೀಳ್ಲಿ ಅಂತ.”

ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕೋಲೂರಿ ಎದ್ದಳು. ನನ್ನ ಮುಂದಿದ್ದ ತಟ್ಟೆ ಎತ್ತಿಕೊಂಡಳು. ಗಂಡಸರು ಕೂತಿದ್ದ ಕಡೆಗೆ, ಹುಲ್ಲಿನ ಮೇಲೆ ಕುಂಟುತ್ತಾ ನಡೆದಳು. ಆ ತುಂಡನ್ನು ಗಂಡಸಿಗೆ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ. ಇಡೀ ಊರು ಕತ್ತು ತಿರುಗಿಸಿ ನೋಡಿತು. ಅವಳು ಮಂಡಿ ನೋವಿನಲ್ಲೇ ಬಗ್ಗಿ ತಟ್ಟೆಯನ್ನು ಇವರ ಮುಂದಿಟ್ಟು, ಒಂದು ವರ್ಷದ ಮೇಲೆ ಮೊದಲ ಮಾತಾಡಿದಳು.

“ತಿನ್ನು ತಮ್ಮಾ,” ಎಂದಳು.

ಇವರು ತಟ್ಟೆಯ ಮೇಲೆ ಕಣ್ಣೀರು ಸುರಿಸುತ್ತಾ ತಿಂದರು. ನನಗೆ ಅವಳು ಅಂದು ಏನೂ ಅನ್ನಲಿಲ್ಲ. ಕಡಾಯಿಯಲ್ಲಿ ಉಳಿದಿದ್ದ ಸಾರನ್ನು ನಾನೇ ಬಡಿಸಿಕೊಂಡು ಕುಡಿದೆ.